ದನಿ ಎಲ್ಲಿ ನಿಂತಿತು?

ಲಿನಕ್ಸ್‌ಗೆ ಹೊಸಬರಾದವರು ಮೂಕವಾದ ಲ್ಯಾಪ್‌ಟಾಪಿಗೆ ಮತ್ತೆ ಮಾತು ತರಿಸುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯ ಹಳೆಯ ತೋಟದ ಮನೆಗಳಿಗೆ ಅಬ್ಬಿಯ ನೀರು ಬರುತ್ತಿದ್ದ ಬಗೆಯನ್ನು ಕಂಡವರು ಮರೆಯಲಾರರು. ಗುಡ್ಡದ ಮೇಲೆಲ್ಲೋ ಬಂಡೆಯ ಸಂದಿನಲ್ಲಿ ಜಿನುಗುವ ನೀರನ್ನು, ಅಡಿಕೆಯ ಮರವನ್ನು ಸೀಳಿ ಒಳಗಿನ ತಿರುಳನ್ನು ತೆಗೆದು ಮಾಡಿದ ದಬ್ಬೆಗಳ ಮೂಲಕ, ಒಂದರ ತುದಿಗೆ ಇನ್ನೊಂದರ ಬುಡವನ್ನು ಜೋಡಿಸುತ್ತ, ಮನೆಯ ಬಚ್ಚಲಿನ ಹಂಡೆಯವರೆಗೂ ತರುತ್ತಿದ್ದರು. ಈಗ ಬಹುಮಟ್ಟಿಗೆ ದಬ್ಬೆಯ ಸ್ಥಾನವನ್ನು ಪ್ಲಾಸ್ಟಿಕ್ ಪೈಪು ಆಕ್ರಮಿಸಿದೆ. ಆದರೆ ನೀರಿನ ನ್ಯಾಯ ಬದಲಾಗಿಲ್ಲ. ಒಂದು ಬೆಳಗ್ಗೆ ಹಂಡೆಗೆ ನೀರು ಬೀಳದೆ ಹೋದರೆ ಮನೆಯ ಯಜಮಾನ ಹಂಡೆಯನ್ನು ಬಯ್ಯುತ್ತ ಕೂಡುವುದಿಲ್ಲ. ಕತ್ತಿಯೊಂದನ್ನು ಕೈಗೆತ್ತಿಕೊಂಡು ನೀರು ಬರುವ ಹಾದಿಯಲ್ಲಿ ಹಿಂದುಹಿಂದಕ್ಕೆ ನಡೆಯುತ್ತಾನೆ. ಈ ದಬ್ಬೆಯಲ್ಲಿ ನೀರುಂಟೆ? ಇದರ ಹಿಂದಿನದರಲ್ಲಿ? ಅದರ ಹಿಂದಿನದರಲ್ಲಿ? ನೀರು ಕಾಣುವ ಕೊನೆಯ ದಬ್ಬೆಗೂ ಕಾಣದಿರುವ ಮೊದಲ ದಬ್ಬೆಗೂ ನಡುವೆ ಎಲೆಯೋ ಮಣ್ಣೋ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆದರೆ ಸರಿ. ಮನೆಗೆ ನೀರು ಅವನಿಗಿಂತ ಮೊದಲೇ ತಲುಪಿರುತ್ತದೆ.

ಇದೇ ಸೀಮೆಯ ಮನೆಗಳಿಗೆ ಇಂದು ಬಂದಿರುವ ಇನ್ನೊಂದು ತೊಂದರೆಗೂ ಈ ಹಳೆಯ ಬುದ್ಧಿಯೇ ಮದ್ದು ಎಂದರೆ ಓದುಗರಿಗೆ ಸೋಜಿಗವೆನಿಸಬಹುದು. ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಲಿನಕ್ಸ್ ಹಾಕಿಕೊಂಡವರು ಮೊದಮೊದಲು ಎದುರಿಸುವ ಪರೀಕ್ಷೆಗಳಲ್ಲಿ ಒಂದು, ಯಂತ್ರ ಮೂಕವಾಗುವುದು. ಚಿತ್ರ ಓಡುತ್ತದೆ, ಅಕ್ಷರ ಮೂಡುತ್ತದೆ. ದನಿ ಮಾತ್ರ ಇಲ್ಲ.

ಶನಿವಾರ ರಾತ್ರಿಯ ಮೌನ

ಕೆಳದಿಯಿಂದ ಹರದಾರಿ ದೂರದ ಒಂದು ತೋಟದ ಮನೆಯನ್ನು ಓದುಗರು ಊಹಿಸಿಕೊಳ್ಳಲಿ. ಮನೆ ಕಲ್ಪನೆಯದಾದರೂ ಅಲ್ಲಿ ನಡೆಯುವುದು ಎಷ್ಟೋ ಮನೆಗಳಲ್ಲಿ ನಡೆಯುವಂಥದೇ. ಮನೆಯಾಕೆ ಪದವೀಧರೆ, ಆದರೆ ಕಂಪ್ಯೂಟರ್ ಶಾಸ್ತ್ರವನ್ನು ಓದಿದವಳಲ್ಲ. ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಮನೆಯ ಹಿರಿಯಳಾದ ಅಜ್ಜಿಗೆ ಕಣ್ಣು ಮಂಜಾಗಿ ವರ್ಷಗಳಾಗಿವೆ. ಮೊಬೈಲಿಗೆ ಸಂಕೇತ ಸಿಗಬೇಕಾದರೆ ಗುಡ್ಡದ ನೆತ್ತಿಗೆ ಹೋಗಬೇಕು. ಮನೆಯವರೆಗೆ ಬಂದಿರುವ ತಂತಿಯ ಅಂತರಜಾಲವೇ ಆಧಾರ. ಶನಿವಾರ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನ ಮುಂದೆ ಎಲ್ಲರೂ ಕುಳಿತು ಮಗನೊಡನೆ ಮಾತನಾಡುವುದು ವಾಡಿಕೆ. ಉಳಿದ ದಿನಗಳಲ್ಲಿ ಅಜ್ಜಿಗೆ ಅದೇ ಯಂತ್ರ ತಾಳಮದ್ದಳೆಯ ಧ್ವನಿಮುದ್ರಿಕೆಗಳನ್ನು ಕೇಳಿಸುತ್ತದೆ. ಉಳಿದವರಿಗೆ ಅದೊಂದು ಉಪಕರಣ. ಆಕೆಗೆ ಮಾತ್ರ ಲೋಕದ ಕಿಟಕಿ.

ಯಂತ್ರ ಹಳೆಯದು. ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11 ಬೇಡುವ ಅರ್ಹತೆಗಳನ್ನು ಪಡೆದಿಲ್ಲ. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದ ಮಗ, ರಜೆಗೆ ಬಂದಾಗ ಅದರಲ್ಲಿ 'ಲಿನಕ್ಸ್ ಮಿಂಟ್' ಸ್ಥಾಪಿಸಿದ. ಯಂತ್ರ ಮೊದಲಿಗಿಂತ ಚುರುಕಾಯಿತು. ಹಬ್ಬದ ದಿನ ಅದನ್ನು ಟಿ.ವಿ.ಗೆ ಜೋಡಿಸಿ ಮನೆಮಂದಿಯೆಲ್ಲ ಯಕ್ಷಗಾನವನ್ನು ನೋಡಿದ್ದೂ ಆಯಿತು. ಮಗ ಬೆಂಗಳೂರಿಗೆ ಹಿಂತಿರುಗಿದ. ಮುಂದಿನ ಶನಿವಾರ ಪರದೆಯ ಮೇಲೆ ಅವನ ಮುಖ ಮೂಡಿತು, ತುಟಿಗಳು ಅಲುಗಿದವು. ಆದರೆ ದನಿಯೇ ಇಲ್ಲ.

"ಮಾಣಿ ಎಂತ ಹೇಳ್ತಾ ಇದಾನೆ?" ಎಂದು ಅಜ್ಜಿ ಕೇಳಿದಳು. ಉಳಿದವರಿಗೆ ಅರ್ಧ ಮಗನಾದರೂ ಕಾಣುತ್ತಿದ್ದ. ಅವಳ ಪಾಲಿಗೆ ಅವನು ಆ ರಾತ್ರಿ ಬರಲೇ ಇಲ್ಲ.

ದನಿ ಬರುವ ಹಾದಿ

ದೋಷವನ್ನು ಹುಡುಕುವ ಮೊದಲು ದನಿ ಯಾವ ಹಾದಿಯಲ್ಲಿ ಬರುತ್ತದೆಂಬುದನ್ನು ತಿಳಿಯಬೇಕು. ಕಂಪ್ಯೂಟರಿನೊಳಗೆ ದನಿ ಎಂಬುದು ಬರಿಯ ಅಂಕಿಗಳ ಸಾಲು. ಸಂಗೀತದ ಸಿ.ಡಿ.ಯೊಂದರಲ್ಲಿ ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆದು ಅಂಕಿಗಳಾಗಿ ಬರೆದಿರುತ್ತಾರೆ. ಹಾಡನ್ನು ನುಡಿಸುವ ಕಾರ್ಯಕ್ರಮ ಈ ಅಂಕಿಗಳನ್ನು ಹೊರಡಿಸುತ್ತದೆ. ಇದೇ ಗುಡ್ಡದ ಮೇಲಿನ ಅಬ್ಬಿ.

ಎರಡನೆಯ ದಬ್ಬೆ ಧ್ವನಿಯ ಮೇಲ್ವಿಚಾರಕ. ಒಂದೇ ಕಾಲದಲ್ಲಿ ಹಾಡೂ ಕರೆಯೂ ಎಚ್ಚರಿಕೆಯ ಗಂಟೆಯೂ ಬಂದರೆ ಅವನ್ನು ಬೆರೆಸಿ, ಯಾವುದು ಯಾವ ಕಡೆಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಇದರ ಕೆಲಸ. ಇಂದಿನ ಪ್ರಮುಖ ಲಿನಕ್ಸ್ ವಿತರಣೆಗಳಲ್ಲಿ ಈ ಅಧಿಕಾರಿಯ ಹೆಸರು 'ಪೈಪ್‌ವೈರ್'. ಹೆಸರಿನಲ್ಲೇ ಪೈಪು ಇರುವುದು ಸ್ವಾರಸ್ಯ. ಮೂರನೆಯದು 'ಆಲ್ಸಾ' ಎಂಬ ಧ್ವನಿವ್ಯವಸ್ಥೆ. ಇದು ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲಿಯೇ ಇದ್ದು, ಚಾಲಕ ತಂತ್ರಾಂಶಗಳ ಮೂಲಕ ಯಂತ್ರಾಂಶದೊಡನೆ ಮಾತನಾಡುತ್ತದೆ. ನಾಲ್ಕನೆಯದು 'ಕೋಡೆಕ್' ಎಂಬ ಚಿಪ್ಪು. ಅಂಕಿಗಳನ್ನು ವಿದ್ಯುತ್ತಿನ ಅಲೆಗಳಾಗಿ ಪರಿವರ್ತಿಸುವುದು ಇದೇ. ಕೊನೆಯದು ಸ್ಪೀಕರು, ಅಥವಾ ಕಿವಿಗೆ ಸಿಕ್ಕಿಸುವ ಇಯರ್‌ಫೋನು. ಇದೇ ಹಂಡೆ.

ಐದು ದಬ್ಬೆಗಳು, ನಾಲ್ಕು ಸಂದುಗಳು. ದನಿ ನಿಂತಿದೆಯೆಂದರೆ ಇವುಗಳಲ್ಲಿ ಎಲ್ಲಿಯೋ ಕಸ ಸಿಕ್ಕಿಕೊಂಡಿದೆ. 'ಲಿನಕ್ಸೇ ಕೆಟ್ಟದ್ದು' ಎಂದು ಕೈಚೆಲ್ಲುವುದೂ, ಹಂಡೆಯನ್ನು ಬಯ್ಯುವುದೂ ಒಂದೇ.

ತೊಂದರೆಯ ಮೂಲ

ವಿಂಡೋಸಿನಲ್ಲಿ ಸಾಮಾನ್ಯವಾಗಿ ಕಾಣದ ಈ ತೊಂದರೆ ಲಿನಕ್ಸಿನಲ್ಲಿ ಏಕೆ ಕಾಣಬೇಕು? ಅದಕ್ಕೊಂದು ಇತಿಹಾಸವಿದೆ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಹೊಸ ವ್ಯವಸ್ಥೆಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು 1991ರ ಆಗಸ್ಟ್ 25ರಂದು. ಅದಕ್ಕೆ ಎಂಟು ವರ್ಷ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್, ಎಲ್ಲರೂ ಓದಿ ತಿದ್ದಿ ಹಂಚಿಕೊಳ್ಳಬಹುದಾದ 'ಗ್ನು' ವ್ಯವಸ್ಥೆಯನ್ನು ಕಟ್ಟುವ ಸಂಕಲ್ಪವನ್ನು ಸಾರಿದ್ದರು. ಪ್ರಯೋಗಶಾಲೆಯ ಮುದ್ರಣ ಯಂತ್ರವೊಂದರ ದೋಷವನ್ನು ತಾವೇ ಸರಿಪಡಿಸಲು ಹೋದಾಗ ಅದರ ತಂತ್ರಾಂಶದ ಮೂಲವನ್ನು ಕೊಡಲು ನಿರಾಕರಿಸಿದ ಪ್ರಸಂಗವನ್ನು ಅವರು ಮತ್ತೆ ಮತ್ತೆ ನೆನೆದಿದ್ದಾರೆ. ಯಂತ್ರ ನಮ್ಮದು, ಅದನ್ನು ರಿಪೇರಿ ಮಾಡುವ ಹಕ್ಕು ಮಾತ್ರ ನಮ್ಮದಲ್ಲ ಎಂಬ ಆ ಕೊರಗೇ ಇಂದಿನ ಸ್ವತಂತ್ರ ತಂತ್ರಾಂಶ ಚಳವಳಿಯ ಬೀಜಗಳಲ್ಲೊಂದು.

ಧ್ವನಿಯ ಚಿಪ್ಪುಗಳ ಕಥೆಯೂ ಇಂಥದೇ. ಲ್ಯಾಪ್‌ಟಾಪುಗಳ ತಯಾರಕರು ಬಹುಕಾಲ ವಿಂಡೋಸಿಗೆಂದೇ ಚಾಲಕ ತಂತ್ರಾಂಶವನ್ನು ಒದಗಿಸಿ ಸುಮ್ಮನಾಗುತ್ತಿದ್ದರು. ಲಿನಕ್ಸಿನವರು ಎಷ್ಟೋ ಸಲ ಚಿಪ್ಪಿನ ನಡತೆಯನ್ನು ನೋಡಿ ನೋಡಿಯೇ ಅದರ ಭಾಷೆಯನ್ನು ಕಲಿಯಬೇಕಾಯಿತು. ಫಿನ್ಲೆಂಡಿನ ಹನ್ನು ಸಾವೊಲೈನೆನ್ 1992ರಲ್ಲಿ ಲಿನಕ್ಸಿಗೆ ಮೊದಲ ಧ್ವನಿವ್ಯವಸ್ಥೆಯನ್ನು ಒದಗಿಸಿದರು. ಚೆಕ್ ದೇಶದ ಯಾರೋಸ್ಲಾವ್ ಕೈಸೆಲಾ 1998ರಲ್ಲಿ ಆಲ್ಸಾವನ್ನು ಆರಂಭಿಸಿದರು. 2003ರ ಡಿಸೆಂಬರಿನಲ್ಲಿ ಹೊರಬಂದ ಕರ್ನೆಲ್ 2.6ರಲ್ಲಿ ಅದು ಮನೆಯ ಮಗನೇ ಆಯಿತು. 2004ರಲ್ಲಿ ಲೆನಾರ್ಟ್ ಪೋಯೆಟರಿಂಗ್ 'ಪಲ್ಸ್ ಆಡಿಯೊ' ಎಂಬ ಮೇಲ್ವಿಚಾರಕನನ್ನು ರೂಪಿಸಿದರು. 2007, 2008ರ ಸುಮಾರಿಗೆ ಫೆಡೋರಾ, ಉಬುಂಟು ಮೊದಲಾದ ವಿತರಣೆಗಳು ಅದನ್ನು ಅಂಗೀಕರಿಸಿದಾಗ ಮೂಕವಾದ ಯಂತ್ರಗಳ ಕುರಿತ ದೂರುಗಳು ಬಹಳ. 'ಲಿನಕ್ಸಿನಲ್ಲಿ ಧ್ವನಿ ಕಷ್ಟ' ಎಂಬ ಅಪಕೀರ್ತಿಗೆ ಆ ಕಾಲವೇ ಹೆಚ್ಚಿನ ಕಾರಣ. ವಿಮ್ ಟೇಮನ್ಸ್ ರೂಪಿಸಿದ ಪೈಪ್‌ವೈರ್ ಬಂದ ಮೇಲೆ ಸ್ಥಿತಿ ಬಹಳ ಸುಧಾರಿಸಿತು. 2021ರಲ್ಲಿ ಫೆಡೋರಾ, 2022ರಲ್ಲಿ ಉಬುಂಟು ಅದನ್ನು ಸ್ವೀಕರಿಸಿದವು. 2023ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಹೊರಬಂದಿತು.

ಆದರೂ ಒಂದು ಕೊರತೆ ಉಳಿದೇ ಇದೆ. 2004ರಲ್ಲಿ ಇಂಟೆಲ್ ಸಂಸ್ಥೆ ಧ್ವನಿಗೆ ಒಂದು ಸಾಮಾನ್ಯ ನಿಯಮಾವಳಿಯನ್ನು ರಚಿಸಿತು. ಚಿಪ್ಪು ಒಂದೇ ಬಗೆಯದಾದರೂ ಒಬ್ಬ ತಯಾರಕ ಸ್ಪೀಕರನ್ನು ಅದರ ಒಂದು ಕಾಲಿಗೆ ಜೋಡಿಸಿದರೆ, ಇನ್ನೊಬ್ಬ ಬೇರೊಂದು ಕಾಲಿಗೆ ಜೋಡಿಸುತ್ತಾನೆ. ಮನೆಗಳೆಲ್ಲ ಒಂದೇ ನಕ್ಷೆಯವು, ಆದರೆ ಬಚ್ಚಲು ಯಾವ ಮೂಲೆಯಲ್ಲಿದೆಯೆಂದು ಹೇಳುವಂತಿಲ್ಲ! ಅದಕ್ಕಾಗಿ ಕರ್ನೆಲ್ಲಿನಲ್ಲಿ ಒಂದು ದೊಡ್ಡ ಪಟ್ಟಿಯೇ ಇದೆ: ಇಂಥ ಲ್ಯಾಪ್‌ಟಾಪಾದರೆ ಸ್ಪೀಕರು ಇಲ್ಲಿದೆ, ಇಂಥದ್ದಾದರೆ ಅಲ್ಲಿದೆ ಎಂದು ನೂರಾರು ಮಾದರಿಗಳ ವಿಶೇಷಗಳನ್ನು ಅಲ್ಲಿ ಬರೆದಿಟ್ಟಿದ್ದಾರೆ.

ಹಂಡೆಯಿಂದ ಹಿಂದಕ್ಕೆ

ಕೆಳದಿಯ ಮನೆಯಾಕೆ ಮರುದಿನ ಬೆಳಗ್ಗೆ ಕಾಫಿ ಮುಗಿಸಿ, ಒಂದು ನೋಟ್ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕುಳಿತಳು. ಮಾಡಿದ್ದನ್ನೆಲ್ಲ ಬರೆದುಕೊಳ್ಳಬೇಕೆಂಬುದು ಅವಳ ನಿಯಮ. ಮನೆಯ ಜಮಾಖರ್ಚು ಬರೆಯುವವರಿಗೆ ಇದು ಹೊಸದಲ್ಲ.

ಮೊದಲ ಪರೀಕ್ಷೆ ಅತ್ಯಂತ ಸುಲಭದ್ದು. ಧ್ವನಿಯ ಮಟ್ಟ ಸೊನ್ನೆಯಲ್ಲಿದೆಯೆ? ಕೀಲಿಮಣೆಯ ಮೌನದ ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೆ? ಒಂದೇ ಹಾಡಿಗೆ ಈ ತೊಂದರೆಯೋ, ಎಲ್ಲಕ್ಕೂ ಇದೆಯೋ? ಬ್ಲೂಟೂತ್ ಮೂಲಕ ದನಿ ಬೇರೆ ಕೋಣೆಯಲ್ಲಿರುವ ಸ್ಪೀಕರಿಗೇನಾದರೂ ಹೋಗುತ್ತಿದೆಯೆ? ಇವನ್ನು ನೋಡದೆ ಮುಂದುವರಿದು ಅರ್ಧ ದಿನ ಕಳೆದವರ ಸಂಖ್ಯೆ ಕಡಮೆಯೇನಲ್ಲ. ಇಲ್ಲಿ ಎಲ್ಲವೂ ಸರಿಯಾಗಿತ್ತು. ಧ್ವನಿಯ ಮಟ್ಟ ನೂರಕ್ಕೆ ಎಂಬತ್ತು.

ಎರಡನೆಯ ಪರೀಕ್ಷೆ ಸೆಟ್ಟಿಂಗ್ಸ್‌ನ 'ಸೌಂಡ್' ವಿಭಾಗದಲ್ಲಿ. 'ಔಟ್‌ಪುಟ್' ಎಂಬಲ್ಲಿ ದನಿ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತಿದೆಯೆಂಬುದು ತಿಳಿಯುತ್ತದೆ. ಅವಳು ನೋಡಿದಾಗ ಅಲ್ಲಿ ಆಯ್ಕೆಯಾಗಿದ್ದುದು 'ಎಚ್‌ಡಿಎಂಐ'. ಹಬ್ಬದ ದಿನ ಟಿ.ವಿ.ಗೆ ಜೋಡಿಸಿದ್ದ ಬಾಗಿಲು ಅದು! ಟಿ.ವಿ.ಯ ತಂತಿಯನ್ನು ತೆಗೆದಿದ್ದರೂ ಯಂತ್ರ ಅತ್ತಲೇ ದನಿಯನ್ನು ಸುರಿಯುತ್ತಿತ್ತು. ಹೊಸಬರ ದೂರುಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಇದೇ. ಅವಳು ಯಂತ್ರದ ಒಳಗಿನ ಧ್ವನಿಸಾಧನವನ್ನು ಆರಿಸಿದಳು. ಆರಿಸಿ, ಹಾಡನ್ನು ಹಾಕಿದಳು.

ಮತ್ತೆ ಮೌನ.

ಇಲ್ಲಿಯೇ ಹೊಸಬರು ಎದೆಗುಂದುವುದು. ಕಂಡುಹಿಡಿದ ಕಾರಣ ನಿಜವಾದ ಕಾರಣವಲ್ಲವೆಂದು ತಿಳಿದು, ಹಿಂದಿನಂತೆಯೇ ಮಾಡಿಟ್ಟು, ಸಿಕ್ಕಿದ ಆದೇಶಗಳನ್ನೆಲ್ಲ ಒಂದರ ಮೇಲೊಂದು ಬರೆಯತೊಡಗುತ್ತಾರೆ. ಆದರೆ ಒಂದು ದಬ್ಬೆಯ ಕಸವನ್ನು ತೆಗೆದ ಮೇಲೂ ನೀರು ಬರದಿದ್ದರೆ, ಆ ಕಸ ಕಸವೇ ಅಲ್ಲವೆಂದು ಅರ್ಥವೆ? ಮುಂದಿನ ದಬ್ಬೆಯಲ್ಲಿ ಇನ್ನೊಂದು ಎಲೆ ಇರಬಹುದಲ್ಲವೆ? ಒಂದು ದೋಷದ ಬೆನ್ನಿಗೆ ಇನ್ನೊಂದು ಅಡಗಿರುವುದು ಯಂತ್ರಗಳಲ್ಲೂ ಉಂಟು, ಮನುಷ್ಯರಲ್ಲೂ ಉಂಟು.

ಅವಳು ಪರದೆಯನ್ನು ಇನ್ನೊಮ್ಮೆ ಸಾವಧಾನವಾಗಿ ಓದಿದಳು. ಆರಿಸಿದ್ದ ಸಾಧನದ ಹೆಸರು 'ಹೆಡ್‌ಫೋನ್ಸ್' ಎಂದಿತ್ತು. 'ಸ್ಪೀಕರ್ಸ್' ಎಂಬುದು ಪಟ್ಟಿಯಲ್ಲಿಯೇ ಇರಲಿಲ್ಲ. ಯಂತ್ರಕ್ಕೆ ಯಾವ ಹೆಡ್‌ಫೋನೂ ಸಿಕ್ಕಿಸಿಲ್ಲ! ಅವಳು ಮಗನ ಹಳೆಯ ಇಯರ್‌ಫೋನನ್ನು ಪೆಟ್ಟಿಗೆಯಿಂದ ತೆಗೆದು ರಂಧ್ರಕ್ಕೆ ಸಿಕ್ಕಿಸಿ ಕಿವಿಗಿಟ್ಟುಕೊಂಡಳು. ಭಾಗವತರ ಹಾಡು ಸ್ವಚ್ಛವಾಗಿ ಕೇಳಿಬಂತು.

ಈ ಒಂದು ಪರೀಕ್ಷೆಯ ಬೆಲೆ ದೊಡ್ಡದು. ಇಯರ್‌ಫೋನಿನಲ್ಲಿ ದನಿ ಬಂತೆಂದ ಮೇಲೆ ಅಬ್ಬಿ ಸರಿಯಾಗಿದೆ, ಪೈಪ್‌ವೈರ್ ಸರಿಯಾಗಿದೆ, ಆಲ್ಸಾ ಸರಿಯಾಗಿದೆ, ಚಾಲಕವೂ ಕೋಡೆಕ್ ಚಿಪ್ಪೂ ಸರಿಯಾಗಿವೆ. ನೀರು ಬಚ್ಚಲ ಬಾಗಿಲಿನವರೆಗೂ ಬಂದಿದೆ. ಉಳಿದದ್ದು ಕೊನೆಯ ಗೇಣಿನ ಹಾದಿ ಮಾತ್ರ.

ಮಲೆನಾಡಿನ ತೇವ

ಅವಳು 'ಟರ್ಮಿನಲ್' ಎಂಬ ಕಪ್ಪು ಕಿಟಕಿಯನ್ನು ತೆರೆದು 'ಆಲ್ಸಾಮಿಕ್ಸರ್' ಎಂಬ ಆದೇಶವನ್ನು ಕೊಟ್ಟಳು. ಅಲ್ಲಿ 'ಎಫ್ 6' ಗುಂಡಿಯನ್ನು ಒತ್ತಿದರೆ ಯಂತ್ರದಲ್ಲಿರುವ ಧ್ವನಿಸಾಧನಗಳ ಪಟ್ಟಿ ಬರುತ್ತದೆ. ತನ್ನ ಯಂತ್ರದ ಸಾಧನವನ್ನು ಆರಿಸಿದಾಗ ಕಂಬಗಳ ಸಾಲೊಂದು ಕಾಣಿಸಿತು. ಕಂಬದ ಬುಡದಲ್ಲಿ 'ಎಂ' ಎಂಬ ಅಕ್ಷರ ಜೋಡಿಯಾಗಿ ಇದ್ದರೆ ಆ ಕಾಲುವೆ ಮುಚ್ಚಿದೆಯೆಂದು ಅರ್ಥ. 'ಎಂ' ಗುಂಡಿಯನ್ನೇ ಒತ್ತಿದರೆ ಅದು ತೆರೆಯುತ್ತದೆ. ಹೆಡ್‌ಫೋನಿನ ಕಂಬ ತೆರೆದಿತ್ತು, ಸ್ಪೀಕರಿನದು ಮುಚ್ಚಿತ್ತು. ಪಕ್ಕದಲ್ಲಿ 'ಆಟೊ ಮ್ಯೂಟ್' ಎಂಬುದೊಂದು ಜಾರಿಯಲ್ಲಿತ್ತು.

ಗುಟ್ಟು ಬಯಲಾಯಿತು. ಹೆಡ್‌ಫೋನನ್ನು ಸಿಕ್ಕಿಸಿದಾಗ ಸ್ಪೀಕರನ್ನು ತಾನಾಗಿಯೇ ಮುಚ್ಚಿಬಿಡುವುದು ಲ್ಯಾಪ್‌ಟಾಪಿನ ಸೌಜನ್ಯ. ಸಿಕ್ಕಿಸಿದ್ದಾರೆಯೋ ಇಲ್ಲವೋ ಎಂಬುದನ್ನು ತಿಳಿಸಲು ಆ ರಂಧ್ರದಲ್ಲಿ ಚಿಕ್ಕದೊಂದು ಸ್ವಿಚ್ಚು ಇರುತ್ತದೆ. ಧೂಳೋ ತೇವವೋ ಸೇರಿ ಆ ಸ್ವಿಚ್ಚು ಅಂಟಿಕೊಂಡರೆ, ಯಂತ್ರ ಇಲ್ಲದ ಹೆಡ್‌ಫೋನನ್ನು ಇದೆಯೆಂದೇ ನಂಬುತ್ತದೆ. ಪುಸ್ತಕದ ರಟ್ಟಿಗೂ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಮಲೆನಾಡಿನ ಮಳೆಗಾಲದಲ್ಲಿ ಇದು ಅಸಂಭವವೇನಲ್ಲ. ಅವಳು ಯಂತ್ರವನ್ನು ನಿಲ್ಲಿಸಿ, ಇಯರ್‌ಫೋನಿನ ಮೊನೆಯನ್ನು ಒಣಬಟ್ಟೆಯಿಂದ ಒರೆಸಿ, ಹತ್ತಾರು ಬಾರಿ ಮೆಲ್ಲನೆ ಸಿಕ್ಕಿಸಿ, ತಿರುಗಿಸಿ, ತೆಗೆದಳು. ಮತ್ತೆ ಯಂತ್ರವನ್ನು ಚಾಲೂ ಮಾಡಿದಾಗ ಪಟ್ಟಿಯಲ್ಲಿ 'ಸ್ಪೀಕರ್ಸ್' ಎಂಬ ಹೆಸರು ಮೂಡಿತ್ತು. ಭಾಗವತರ ದನಿ ಈಗ ಕೋಣೆಯನ್ನೆಲ್ಲ ತುಂಬಿತು.

ಅಂದಮೇಲೆ ಎರಡು ದೋಷಗಳಲ್ಲಿ ಒಂದು ಹಬ್ಬದ ಸಂಭ್ರಮದ್ದು, ಇನ್ನೊಂದು ತೇವದ್ದು. ಲಿನಕ್ಸಿನ ತಪ್ಪು ಎರಡರಲ್ಲಿಯೂ ಇರಲಿಲ್ಲ. ಆದರೆ ಹೊಸ ಸೊಸೆ ಬಂದ ವಾರವೇ ಹಾಲು ಒಡೆದರೆ ದೂರು ಯಾರ ಮೇಲೆ ಹೋಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೂ ನಡೆಯಬೇಕಾದವರಿಗೆ

ಎಲ್ಲರ ಅದೃಷ್ಟವೂ ಇಷ್ಟು ಸುಲಭದ್ದಲ್ಲ. ಸೌಂಡ್ ವಿಭಾಗದಲ್ಲಿ 'ಡಮ್ಮಿ ಔಟ್‌ಪುಟ್' ಎಂಬ ಹೆಸರೊಂದೇ ಕಂಡರೆ, ಪೈಪ್‌ವೈರಿಗೆ ಯಾವ ಧ್ವನಿಸಾಧನವೂ ದೊರೆತಿಲ್ಲವೆಂದು ತಿಳಿಯಬೇಕು. ಆಗ ಒಮ್ಮೆ ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸಿ ಮತ್ತೆ ಚಾಲೂ ಮಾಡಿ ನೋಡುವುದು ಮೊದಲ ಉಪಾಯ. ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇರಿಸಿಕೊಂಡವರು ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯವನ್ನು ತೆಗೆದುಹಾಕುವುದು ಲೇಸು. ಅದು ಯಂತ್ರವನ್ನು ಪೂರ್ತಿ ಮಲಗಿಸದೆ ಬಿಡುವುದರಿಂದ ಒಮ್ಮೊಮ್ಮೆ ಧ್ವನಿಯ ಚಿಪ್ಪು ಲಿನಕ್ಸಿನ ಕರೆಗೆ ಓಗೊಡುವುದಿಲ್ಲ.

'ಪಲ್ಸ್ ಆಡಿಯೊ ವಾಲ್ಯೂಮ್ ಕಂಟ್ರೋಲ್' ಎಂಬ ಚಿಕ್ಕ ಕಾರ್ಯಕ್ರಮ ಪೈಪ್‌ವೈರ್ ಇರುವ ಯಂತ್ರಗಳಲ್ಲೂ ಕೆಲಸ ಮಾಡುತ್ತದೆ. ಅದರ 'ಕಾನ್ಫಿಗರೇಶನ್' ಪುಟದಲ್ಲಿ ಸಾಧನದ ಪಾತ್ರ 'ಆಫ್' ಎಂದಿದ್ದರೆ 'ಅನಲಾಗ್ ಸ್ಟೀರಿಯೊ' ಎಂದು ಬದಲಾಯಿಸಬೇಕು. ಬ್ಲೂಟೂತ್ ಕಿವಿಯಂತ್ರದಲ್ಲಿ ಹಾಡು ತಗಡಿನ ಡಬ್ಬಿಯಿಂದ ಬಂದಂತೆ ಕೇಳಿಸಿದರೆ ಅದೂ ಪಾತ್ರದ ದೋಷವೇ: ಮೈಕು ಬೇಕಾದಾಗ ಆ ಸಾಧನ ದೂರವಾಣಿಯ ಪಾತ್ರಕ್ಕೆ ಇಳಿಯುತ್ತದೆ; ಹಾಡಿಗೆ ಅದನ್ನು 'ಎ2ಡಿಪಿ' ಎಂಬ ಸಂಗೀತದ ಪಾತ್ರಕ್ಕೆ ಏರಿಸಬೇಕು.

ಟರ್ಮಿನಲ್ಲಿನಲ್ಲಿ 'ಎಪ್ಲೇ' ಎಂಬ ಆದೇಶಕ್ಕೆ ಒಂದು ಅಡ್ಡಗೆರೆಯನ್ನೂ 'ಎಲ್' ಎಂಬ ಸಣ್ಣ ಅಕ್ಷರವನ್ನೂ ಸೇರಿಸಿ ಕೊಟ್ಟರೆ, ಆಲ್ಸಾ ಗುರುತಿಸಿದ ಸಾಧನಗಳ ಪಟ್ಟಿ ಬರುತ್ತದೆ. ಅಲ್ಲಿಯೂ ಏನೂ ಇಲ್ಲದಿದ್ದರೆ ದೋಷ ಚಾಲಕದ ಮಟ್ಟದಲ್ಲಿದೆ. ಈಚಿನ ವರ್ಷಗಳ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಧ್ವನಿಯ ಕೆಲಸಕ್ಕೆಂದೇ ಬೇರೆ ಸಂಸ್ಕಾರಕವಿದ್ದು, ಅದಕ್ಕೆ 'ಫರ್ಮ್‌ವೇರ್' ಎಂಬ ತಂತ್ರಾಂಶವನ್ನು ಉಣಿಸಬೇಕಾಗುತ್ತದೆ. ಇಂಟೆಲ್ 2018ರಲ್ಲಿ ಪ್ರಕಟಿಸಿದ 'ಸೌಂಡ್ ಓಪನ್ ಫರ್ಮ್‌ವೇರ್' ಇಂಥದು. ಆ ಕಟ್ಟು ಸ್ಥಾಪನೆಯಾಗಿರದಿದ್ದರೆ ಯಂತ್ರ ಮೂಕ. 2023ರಲ್ಲಿ ಬಂದ ಡೆಬಿಯನ್ 12ರಿಂದ ಆ ವಿತರಣೆಯೂ ಇಂಥ ಕಟ್ಟುಗಳನ್ನು ಸ್ಥಾಪನೆಯ ಮುದ್ರಿಕೆಯಲ್ಲಿಯೇ ಸೇರಿಸತೊಡಗಿತು. ಲ್ಯಾಪ್‌ಟಾಪು ತೀರ ಹೊಸದಾದರೆ ಹೊಸ ಕರ್ನೆಲ್ ಬೇಕಾಗಬಹುದು.

ಇವೆಲ್ಲಕ್ಕಿಂತ ಒಳ್ಳೆಯದು ಮುನ್ನೆಚ್ಚರಿಕೆ. ಲಿನಕ್ಸನ್ನು ಯಂತ್ರಕ್ಕೆ ಸ್ಥಾಪಿಸದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು. ಹೆಣ್ಣು ನೋಡಲು ಹೋದಾಗ ಒಂದು ಹಾಡು ಹೇಳಿಸುತ್ತಿದ್ದ ಕಾಲವೊಂದಿತ್ತು. ಅದನ್ನು ಇಂದು ಯಾರೂ ಒಪ್ಪುವುದಿಲ್ಲ. ಲ್ಯಾಪ್‌ಟಾಪಿಗೆ ಮಾತ್ರ ಆ ಪರೀಕ್ಷೆ ಇರಲಿ: ಸ್ಥಾಪಿಸುವ ಮೊದಲೇ ಒಂದು ಹಾಡು ಹಾಕಿ, ಮೈಕಿನಲ್ಲಿ ನಾಲ್ಕು ಮಾತನಾಡಿ ನೋಡಬೇಕು.

ಮಾಡಬಾರದ ಕೆಲಸಗಳೂ ಕೆಲವುಂಟು. ಅರ್ಥ ತಿಳಿಯದ ಆದೇಶವನ್ನು, ಅದರಲ್ಲೂ 'ಸುಡೊ' ಎಂಬ ಅಧಿಕಾರಮುದ್ರೆ ಹೊತ್ತ ಆದೇಶವನ್ನು, ಯಾರೋ ಹೇಳಿದರೆಂದು ಬರೆಯಬಾರದು. ಹತ್ತು ವರ್ಷದ ಹಿಂದಿನ ಮದ್ದನ್ನು ಇಂದಿನ ರೋಗಕ್ಕೆ ಕೊಡಬಾರದು. ಪಲ್ಸ್ ಆಡಿಯೊ ಕಾಲದ ಸಲಹೆ ಪೈಪ್‌ವೈರಿನ ಯಂತ್ರವನ್ನು ಇನ್ನಷ್ಟು ಕೆಡಿಸೀತು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂಬುದೇ ತಿಳಿಯದೆ ಹೋಗುತ್ತದೆ.

ದನಿಯೇ ಕಣ್ಣಾದವರಿಗೆ

'ಇಷ್ಟೆಲ್ಲ ಪಾಡು ಒಂದು ಹಾಡಿಗಾಗಿಯೆ?' ಎಂದು ಕೇಳುವವರಿರಬಹುದು. ಕಣ್ಣು ಕಾಣದವರನ್ನು ಅವರು ಒಮ್ಮೆ ನೆನೆಯಬೇಕು. ಲಿನಕ್ಸಿನಲ್ಲಿ 'ಓರ್ಕ' ಎಂಬ ಕಾರ್ಯಕ್ರಮ ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ. ಅದಕ್ಕೆ ಕಂಠವನ್ನು ಕೊಡುವ 'ಈಸ್ಪೀಕ್' ಕನ್ನಡವನ್ನೂ ಉಚ್ಚರಿಸಬಲ್ಲದು. ಆ ಕಂಠ ಯಂತ್ರದ್ದೇ, ಕೇಳಲು ಇಂಪಿಲ್ಲ. ಆದರೂ ಅಂಧ ವಿದ್ಯಾರ್ಥಿಗೆ ಅದೇ ಪುಸ್ತಕ, ಅದೇ ಪತ್ರ, ಅದೇ ಪರದೆ. ಅವನ ಯಂತ್ರದಲ್ಲಿ ದನಿ ನಿಂತರೆ ಹಾಡು ನಿಂತಂತಲ್ಲ, ದೀಪ ಆರಿದಂತೆ. ಯಾವ ಗುಂಡಿಯನ್ನು ಒತ್ತಿ ಸರಿಪಡಿಸಬೇಕೆಂದು ತಿಳಿಸಬೇಕಾದ ದನಿಯೇ ಅಡಗಿರುತ್ತದೆ. ಅಂಥ ಹೊತ್ತಿನಲ್ಲಿ ಪಕ್ಕದ ಮನೆಯವರೊಬ್ಬರು ಈ ಐದು ದಬ್ಬೆಗಳ ಹಾದಿಯನ್ನು ಬಲ್ಲವರಾಗಿದ್ದರೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಹಾಗೆ ಬಲ್ಲವರ ಸಂಖ್ಯೆ ಕನ್ನಡಿಗರಲ್ಲಿ ಬೆಳೆಯುತ್ತಲೂ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ 1938ರಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ತಲೆಯೆತ್ತಿ ನಿಲ್ಲಬೇಕೆಂದು ಹಟ ಹಿಡಿದು ದುಡಿದವರು. ಕರ್ನಾಟಕದ ಪ್ರೌಢಶಾಲಾ ಅಧ್ಯಾಪಕರಲ್ಲಿ ಅನೇಕರು 2010ರ ದಶಕದಲ್ಲಿ 'ವಿಷಯ ಶಿಕ್ಷಕರ ವೇದಿಕೆ'ಯ ತರಬೇತಿಗಳಲ್ಲಿ ಉಬುಂಟುವನ್ನು ಬಳಸಲು ಕಲಿತರು. ಗಡಿಯಾಚೆಗಿನ ಕಾಸರಗೋಡಿನ ಶಾಲೆಗಳ ಮಕ್ಕಳಿಗೆ ಕೇರಳದ ಶಿಕ್ಷಣ ವ್ಯವಸ್ಥೆಯ ಮೂಲಕ ಲಿನಕ್ಸ್ ಶಾಲೆಯ ಪಾಠವೇ ಆಗಿದೆ. ಓಂಶಿವಪ್ರಕಾಶ್ ಅವರ 'ಲಿನಕ್ಸಾಯಣ' ಬರಹಮಾಲೆ ಕನ್ನಡದಲ್ಲಿಯೇ ಲಿನಕ್ಸನ್ನು ತಿಳಿಸಿಕೊಟ್ಟಿತು. 'ಗುಬ್ಬಿ', 'ನವಿಲು' ಎಂಬ ಮುದ್ದಾದ ಹೆಸರಿನ ಕನ್ನಡ ಅಕ್ಷರಶೈಲಿಗಳು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ದೊರೆಯುತ್ತವೆ.

ಪ್ರಶ್ನೆಯೂ ಒಂದು ದಾನ

ಎಲ್ಲ ದಬ್ಬೆಗಳನ್ನೂ ನೋಡಿದ ಮೇಲೂ ದನಿ ಬಾರದಿದ್ದರೆ ಬಲ್ಲವರನ್ನು ಕೇಳಬೇಕು. ಕೇಳುವುದಕ್ಕೂ ಒಂದು ಕ್ರಮವಿದೆ. 'ಧ್ವನಿ ಬರುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ' ಎಂದಷ್ಟೇ ಹೇಳಿದರೆ, ವೈದ್ಯರ ಮುಂದೆ 'ನೋವು' ಎಂದು ಹೇಳಿ ಬಾಯಿ ಮುಚ್ಚಿಕೊಂಡಂತೆ. ಲ್ಯಾಪ್‌ಟಾಪಿನ ತಯಾರಕರ ಹೆಸರು ಮತ್ತು ಪೂರ್ತಿ ಮಾದರಿ ಸಂಖ್ಯೆ, ಲಿನಕ್ಸ್ ವಿತರಣೆಯ ಹೆಸರು ಮತ್ತು ಆವೃತ್ತಿ, ಕರ್ನೆಲ್ಲಿನ ಸಂಖ್ಯೆ, ಎಪ್ಲೇ ತೋರಿಸಿದ ಪಟ್ಟಿ, ಇಯರ್‌ಫೋನಿನಲ್ಲಿ ದನಿ ಉಂಟೋ ಇಲ್ಲವೋ, ತೊಂದರೆ ಮೊದಲಿನಿಂದಲೇ ಇತ್ತೋ ಒಂದು ದಿನ ಹಠಾತ್ತನೆ ಆಯಿತೋ, ಈವರೆಗೆ ಏನೇನು ಮಾಡಿದ್ದಾಯಿತು - ಇಷ್ಟನ್ನು ಬರೆದು ಕೊಟ್ಟರೆ ಅರ್ಧ ಉತ್ತರ ಪ್ರಶ್ನೆಯಲ್ಲಿಯೇ ಇರುತ್ತದೆ. ಮನೆಯಾಕೆಯ ನೋಟ್ ಪುಸ್ತಕ ಬೆಲೆಬಾಳುವುದು ಇಂಥಲ್ಲಿ.

ಕರ್ನೆಲ್ಲಿನ ಆ ದೊಡ್ಡ ಪಟ್ಟಿಯನ್ನು ಇಲ್ಲಿ ಮತ್ತೆ ನೆನೆಯಬೇಕು. ಅದರ ಎಷ್ಟೋ ಸಾಲುಗಳ ಹಿಂದೆ, ಜಗತ್ತಿನ ಯ���ವುದೋ ಊರಿನಲ್ಲಿ ಮೂಕ ಯಂತ್ರದೆದುರು ಕುಳಿತ ಒಬ್ಬ ಸಾಮಾನ್ಯ ಬಳಕೆದಾರನಿದ್ದಾನೆ. ಅವನು ತನ್ನ ಯಂತ್ರದ ವಿವರಗಳನ್ನು ತಾಳ್ಮೆಯಿಂದ ಬರೆದು ಕಳುಹಿಸಿದ; ಬಲ್ಲವನೊಬ್ಬ ಆ ಸಾಲನ್ನು ಸೇರಿಸಿದ. ಆಮೇಲೆ ಅದೇ ಮಾದರಿಯ ಯಂತ್ರವನ್ನು ಕೊಂಡವರಿಗೆ ಆ ತೊಂದರೆ ಇತ್ತೆಂಬುದೇ ತಿಳಿಯಲಿಲ್ಲ.

ಕೆಳದಿಗೆ ಇದು ಹೊಸ ಮಾತಲ್ಲ. 1709ರಲ್ಲಿ ಕೆಳದಿಯ ದೊರೆ ಬಸವರಾಜನು 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಮಗ ಸೋಮಶೇಖರ ಕೇಳುತ್ತಾನೆ, ತಂದೆ ಹೇಳುತ್ತಾನೆ. ಗ್ರಂಥದ ರೂಪವೇ ಅದು. ಮಗ ಕೇಳದಿದ್ದರೆ ತಂದೆಯ ಅರಿವು ತಂದೆಯೊಡನೆಯೇ ಹೋಗುತ್ತಿತ್ತು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಕಾಣುವ ತಾಳೆಯೋಲೆಗಳೂ ಹೇಳುವುದು ಇದನ್ನೇ: ಬಲ್ಲವರು ಬರೆದರು, ಬೇಕಾದವರು ನಕಲು ಮಾಡಿಕೊಂಡರು, ತಪ್ಪು ಕಂಡವರು ತಿದ್ದಿದರು. ಓಲೆಯ ಸ್ಥಾನಕ್ಕೆ ಈಗ ತಂತ್ರಾಂಶ ಬಂದಿದೆ.

ಮುಂದಿನ ಶನಿವಾರ ಬಂದಿತು. ಊಟವಾಯಿತು, ಎಲ್ಲರೂ ಕುಳಿತರು. ಪರದೆಯಲ್ಲಿ ಮಗನ ಮುಖ ಮೂಡುವುದಕ್ಕಿಂತ ಒಂದು ಕ್ಷಣ ಮೊದಲೇ ಅವನ ದನಿ ಬಂತು. "ಅಜ್ಜೀ, ಕೇಳ್ತದಾ?"

ಆ ರಾತ್ರಿ ಅವನನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಂಡವಳು ಅಜ್ಜಿಯೇ.